ಕಂಪನಿ ಕೂರುವ ಕುರ್ಚಿ

ನಮ್ಮ ಭಾವನಿಗೆ ಲಿಮಿಟೆಡ್ ಕಂಪನಿಯ ಬಗ್ಗೆ ಜ್ಞಾನೋದಯವಾದದ್ದು ಒಬ್ಬ ಆಡಿಟರು ಕುರ್ಚಿಯೊಳಗೆ ಸಿಕ್ಕಿಹಾಕಿಕೊಂಡಿದ್ದರಿಂದ. ಕುರ್ಚಿಯ ಮೇಲಲ್ಲ, ಒಳಗೆ. ಈ ವ್ಯತ್ಯಾಸವನ್ನು ಓದುಗರು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಬೇಕು, ಯಾಕೆಂದರೆ ಮುಂದಿನ ಅನಾಹುತಗಳೆಲ್ಲ ಶುರುವಾದದ್ದು ಅಲ್ಲಿಂದಲೇ.

ಭಾವ ಎಂದರೆ ನನ್ನ ಅಕ್ಕನ ಗಂಡ. ಬೆತ್ತದ ಕುರ್ಚಿ ರಿಪೇರಿ ಅವರ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಿಂದಿನ ಎರಡು ಕೋಣೆಗಳಲ್ಲಿ ಭಾವ, ಅಕ್ಕ ಮತ್ತು ಭಾವನ ತಾಯಿ. ಆಕೆಯನ್ನು ನಾನೂ ಅತ್ತೆ ಎಂದೇ ಕರೆಯುತ್ತೇನೆ. ಪಕ್ಕದ ಮಳಿಗೆಯಲ್ಲಿ ನನ್ನ ಜೆರಾಕ್ಸ್ ಅಂಗಡಿ. ನಡುವಿನ ಗೋಡೆ ಎಷ್ಟು ತೆಳುವೆಂದರೆ ಭಾವ ಆ ಕಡೆ ಸೀನಿದರೆ ಈ ಕಡೆ ನನ್ನ ಮೆಷಿನ್ ಒಂದು ಕಾಪಿ ಜಾಸ್ತಿ ತೆಗೆಯುತ್ತದೆ. ಆದ್ದರಿಂದ ಇಲ್ಲಿ ಬರೆದಿರುವುದೆಲ್ಲ ನಾನು ಕಂಡದ್ದು ಅಥವಾ ಗೋಡೆಯ ಮೂಲಕ ಕೇಳಿದ್ದು.

ಭಾವ ಕೆಲಸದಲ್ಲಿ ನಿಧಾನ, ಆದರೆ ಗಟ್ಟಿ. ಬೆತ್ತದ ಸೀಳುಗಳನ್ನು ದೊಡ್ಡ ತಪ್ಪಲೆಯಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಒಂದೊಂದಾಗಿ ಎಳೆದು ಹೆಣೆಯುತ್ತಾರೆ. ಅವರದೊಂದು ಪದ್ಧತಿಯಿದೆ. ಕುರ್ಚಿ ತೆಗೆದುಕೊಂಡು ಹೋಗಲು ಬಂದವರನ್ನು ಎದುರಿಗೆ ನಿಲ್ಲಿಸಿ ತಾವು ಅದರಲ್ಲಿ ಧೊಪ್ಪೆಂದು ಕೂರುತ್ತಾರೆ. ಭಾವನ ತೂಕ ಹಗುರವಾದ ವಿಷಯವಲ್ಲ. ಕೂತ ಮೇಲೆ ಅಕ್ಕ ಒಂದು ಲೋಟ ಚಹಾ ತಂದು ಕೈಗೆ ಕೊಡುತ್ತಾಳೆ. ಲೋಟ ಖಾಲಿಯಾಗುವ ತನಕ ಅವರು ಏಳುವುದಿಲ್ಲ. ಆಮೇಲೆ ಲೋಟ ಕೆಳಗಿಟ್ಟು, "ತಗೊಂಡ್ಹೋಗಿ. ಏನಾದ್ರೂ ಆದ್ರೆ ನಾನಿದ್ದೀನಿ" ಎನ್ನುತ್ತಾರೆ. ರಸೀದಿ, ಗ್ಯಾರಂಟಿ ಕಾರ್ಡು ಯಾವುದೂ ಇಲ್ಲ. ಇಪ್ಪತ್ತೆರಡು ವರ್ಷಗಳಿಂದ ಆ ಅಂಗಡಿ ನಡೆದದ್ದು ಭಾವನ ಸೊಂಟದ ಕೆಳಗಿನ ಭಾಗದ ಮೇಲೆ, ಮತ್ತು ಅಕ್ಕನ ಚಹಾದ ಮೇಲೆ.

ಹೀಗಿರುವಾಗ ಒಂದು ಸೋಮವಾರ ಊರಿನ ದೊಡ್ಡ ಸಭಾಂಗಣದ ಮ್ಯಾನೇಜರಮ್ಮ ಎರಡು ಕುರ್ಚಿಗಳನ್ನು ಗಾಡಿಯಲ್ಲಿ ಹಾಕಿಸಿಕೊಂಡು ಬಂದರು. ಕನ್ನಡಕಕ್ಕೆ ಸರ ಕಟ್ಟಿಕೊಂಡಿದ್ದ, ಕಂಕುಳಲ್ಲಿ ಫೈಲು ಇಟ್ಟುಕೊಂಡಿದ್ದ, ನಗುವನ್ನು ತುಂಬ ಜೋಪಾನವಾಗಿ ಖರ್ಚು ಮಾಡುವ ಹೆಂಗಸು. "ಇವೆರಡನ್ನ ಮಾಡಿಡಿ. ಶುಕ್ರವಾರ ಬಂದು ನೋಡ್ತೀನಿ. ಸರಿ ಇದ್ರೆ ಎಂಬತ್ತು ಕುರ್ಚಿ ಕಳಿಸ್ತೀನಿ" ಎಂದು ಹೇಳಿ ಹೊರಟುಹೋದರು.

ಎಂಬತ್ತು! ವರ್ಷವಿಡೀ ಅಂಗಡಿ ತೆರೆದಿಟ್ಟರೂ ಭಾವ ಎಂಬತ್ತು ಕುರ್ಚಿ ನೋಡಿದವರಲ್ಲ. ಅವರು ಆ ದಿನವೆಲ್ಲ ಎಂಬತ್ತು ಎಂಬ ಸಂಖ್ಯೆಯನ್ನು ಬಾಯಲ್ಲಿಟ್ಟುಕೊಂಡು ಓಡಾಡಿದರು. ನುಂಗಲೂ ಇಲ್ಲ, ಉಗುಳಲೂ ಇಲ್ಲ.

ಮರುದಿನ ಬೆಳಿಗ್ಗೆ ಆಡಿಟರು ನನ್ನ ಅಂಗಡಿಗೆ ಕಾಗದದ ಕಟ್ಟು ಹಿಡಿದು ಬಂದರು. ಇನ್ನೂರು ಪುಟ. "ಅರ್ಧ ಗಂಟೆ ಆಗುತ್ತೆ ಸಾರ್" ಎಂದೆ. ಅವರು ಪಕ್ಕದಲ್ಲೇ ಕುರ್ಚಿಗಳ ರಾಶಿ ನೋಡಿ, ಕೂರಲು ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತೆಂದು ಭಾವನ ಅಂಗಡಿಗೆ ಹೋದರು. ರಿಪೇರಿಗೆ ಬಂದಿದ್ದ ಒಂದು ಕುರ್ಚಿಯ ಹಳೆಯ ಹೆಣಿಗೆಯನ್ನು ಭಾವ ಪೂರ್ತಿ ಕತ್ತರಿಸಿ ತೆಗೆದಿದ್ದರು. ಧೂಳು ಬೀಳದಿರಲೆಂದು ಚೌಕಟ್ಟಿನ ಮೇಲೆ ನಿನ್ನೆಯ ಪೇಪರು ಹಾಸಿದ್ದರು. "ಅದರಲ್ಲಿ ಬೇಡ ಸಾರ್!" ಎಂಬ ಭಾವನ ಕೂಗು ಗೋಡೆ ದಾಟಿ ನನಗೆ ಕೇಳಿಸುವಷ್ಟರಲ್ಲಿ ಆಡಿಟರು ನಿನ್ನೆಯ ಸುದ್ದಿಗಳ ಸಮೇತ ಒಳಗಿಳಿದುಬಿಟ್ಟಿದ್ದರು.

ನಾನು ಓಡಿಹೋಗಿ ನೋಡಿದೆ. ಮಂಡಿ ಎರಡೂ ಗಲ್ಲಕ್ಕೆ ತಾಗಿದ್ದವು. ಪಾದಗಳು ಗಾಳಿಯಲ್ಲಿದ್ದವು. ಭಾವ ಕಂಕುಳಿಗೆ ಕೈಹಾಕಿದರು, ನಾನು ಕಾಲು ಹಿಡಿದೆ. ಬೇರೆ ಯಾರಾದರೂ ಆಗಿದ್ದರೆ ಕೂಗಾಡುತ್ತಿದ್ದರು. ಆಡಿಟರು ಯಾವ ಭಂಗಿಯಲ್ಲಿದ್ದರೂ ಸಲಹೆ ಕೊಡಬಲ್ಲ ಮನುಷ್ಯ.

"ನಾನೀಗ ನಿಮ್ಮ ಮೇಲೆ ಕೇಸು ಹಾಕಿದ್ರೆ ಏನಾಗುತ್ತೆ ಗೊತ್ತಾ?" ಎಂದರು, ಮಂಡಿಗಳ ನಡುವಿನಿಂದ.

"ಸಾರ್, ಎಡಗಾಲು ಸ್ವಲ್ಪ ಮೇಲೆತ್ತಿ."

"ಎತ್ತೋಣ. ಮೊದಲು ಇದಕ್ಕೆ ಉತ್ತರ ಹೇಳಿ. ಈ ಅಂಗಡಿ ಯಾರದು?"

"ನಂದೇ ಸಾರ್."

"ಈ ಮನೆ?"

"ಅದೂ ನಮ್ಮದೇ."

"ಹಾಗಾದ್ರೆ ಹೋಯ್ತು ಬಿಡಿ! ಅಂಗಡಿ ಮಾಡಿದ ತಪ್ಪಿಗೆ ಮನೆ ಹೋಗುತ್ತೆ. ಒಬ್ಬ ಬಿದ್ರೇ ಹೀಗೆ. ಇನ್ನು ಹತ್ತು ಜನ ಬಿದ್ರೆ?"

ಭಾವನ ಕೈ ಸಡಿಲಾಯಿತು. ಆಡಿಟರು ಇನ್ನೊಂದಿಷ್ಟು ಕೆಳಗಿಳಿದರು. "ಎಂಬತ್ತು ಜನ ಬಿದ್ರೆ ಸಾರ್?" ಎಂದು ಭಾವ ಪಿಸುಗುಟ್ಟಿದರು.

ಕೊನೆಗೆ ಚೌಕಟ್ಟಿನ ಒಂದು ಮೂಲೆಯ ಮೊಳೆ ಕಿತ್ತು ಆಡಿಟರನ್ನು ಈಚೆಗೆ ತೆಗೆದೆವು. ಅವರು ಪ್ಯಾಂಟಿನ ಧೂಳು ಕೊಡವಿಕೊಂಡರು, ನಾವು ಕೊಟ್ಟ ಸ್ಟೂಲನ್ನು ಬೇಡವೆಂದರು, ನಿಂತೇ ಪರಿಹಾರ ಹೇಳಿದರು. ಲಿಮಿಟೆಡ್ ಕಂಪನಿ ಮಾಡಬೇಕು.

"ಕಂಪನಿ ಅಂದ್ರೆ ಏನಂದ್ಕೊಂಡ್ರಿ? ಬೋರ್ಡು, ಬಾಗಿಲು ಅಂದ್ಕೊಂಡ್ರಾ? ಅಲ್ಲ. ಅದು ಬೇರೆಯೇ ಒಬ್ಬ ವ್ಯಕ್ತಿ. ಕಾನೂನಿನ ಕಣ್ಣಲ್ಲಿ ನೀವು ಬೇರೆ, ಅದು ಬೇರೆ."

"ಎಲ್ಲಿರ್ತಾರೆ ಸಾರ್ ಅವರು?" ಎಂದರು ಭಾವ. ಆ ಕ್ಷಣದಿಂದಲೇ ಅವರು ಕಂಪನಿಗೆ ಬಹುವಚನ ಕೊಟ್ಟುಬಿಟ್ಟರು.

"ಎಲ್ಲೂ ಇರಲ್ಲ."

"ಊಟ ಗೀಟ?"

"ಮಾಡಲ್ಲ."

"ವಯಸ್ಸಾದ ಮೇಲೆ?"

"ವಯಸ್ಸಾಗಲ್ಲ. ನಾಳೆ ನೀವು ಸತ್ರೂ ಅದು ಸಾಯಲ್ಲ."

ಭಾವ ಅರಿವಿಲ್ಲದೆ ಎರಡೂ ಕೈ ಜೋಡಿಸಿದ್ದರು. "ಯಾರಾದ್ರೂ ಬಂದು ಬೈದ್ರೆ?"

"ಅದು ಬೈಸ್ಕೊಳ್ಳುತ್ತೆ."

"ನನ್ನ ಬದಲು?"

"ನಿಮ್ಮ ಬದಲು. ನೀವು ಅದರೊಳಗೆ ಹಾಕಿದ್ದಷ್ಟು ಹೋಗಬಹುದು. ಅದಕ್ಕಿಂತ ಒಂದು ಚಮಚ ಆಚೆ ಹೋಗಲ್ಲ. ಮನೆ ಕಡೆ ಯಾರೂ ತಿರುಗಿ ನೋಡೋ ಹಾಗಿಲ್ಲ."

ನನಗೂ ಮೈ ಜುಂ ಎಂದಿತು. ಸುಳ್ಳೇಕೆ ಹೇಳಲಿ? ದಿನಕ್ಕೆ ಎಷ್ಟು ಕಂಪನಿಗಳ ಕಾಗದ ನನ್ನ ಮೆಷಿನಿನ ಗಾಜಿನ ಮೇಲೆ ಮಲಗೆದ್ದು ಹೋಗಿದ್ದವು! ಹಸಿವಿಲ್ಲದ, ಮುಪ್ಪಿಲ್ಲದ, ಸಾವಿಲ್ಲದ ಅಂಥ ಮಹಾನುಭಾವರ ಬೆನ್ನ ಮೇಲೆ ಮುಚ್ಚಳ ಹಾಕಿ ನಾನು ಬಟನ್ ಒತ್ತಿದ್ದೇನೆಂದು ನೆನೆದು ಗಾಬರಿಯಾಯಿತು. ಕಾಗದದಲ್ಲಿ ಏನು ಬರೆದಿದೆಯೆಂದು ನಾನು ಯಾವತ್ತೂ ಓದುವವನಲ್ಲ.

ಆಡಿಟರು ಹೊರಡುವ ಮೊದಲು ಎರಡು ಕಟ್ಟಳೆ ವಿಧಿಸಿದರು. "ಒಂದು, ನಿಮ್ಮದನ್ನೂ ಕಂಪನೀದನ್ನೂ ಕಲಸಬೇಡಿ. ಎರಡು, ನಿಮ್ಮ ಬಾಯಿಂದ ಯಾರಿಗೂ ಭರವಸೆ ಕೊಡಬೇಡಿ. ನಾನಿದ್ದೀನಿ ಅಂದ್ರೋ, ಮುಗೀತು, ಮನೆ ಬೀದಿಗೆ ಬಂತು ಅಂತಲೇ. ಈ ನಾಲ್ಕು ದಿನ ಅಭ್ಯಾಸ ಮಾಡಿ ನೋಡಿ. ಒಗ್ಗುತ್ತೆ ಅನ್ನಿಸಿದ್ರೆ ಶುಕ್ರವಾರ ಕಾಗದ ತರ್ತೀನಿ, ಸಹಿ ಹಾಕಿ."

ಬೇರೆ ಯಾರೇ ಆದರೂ ನಾಲ್ಕು ದಿನ ಯೋಚನೆ ಮಾಡುತ್ತಿದ್ದರು. ಭಾವ ಅಭ್ಯಾಸ ಮಾಡಿದರು.

ಅಂದೇ ಮಧ್ಯಾಹ್ನ ಸೀಮೆಸುಣ್ಣದಿಂದ ಅಂಗಡಿಯ ನಟ್ಟನಡುವೆ ಒಂದು ಗೆರೆ ಎಳೆದರು. ಬೆತ್ತ ನೆನೆಯುವ ತಪ್ಪಲೆ ಒಳಗಿದ್ದದ್ದರಿಂದ ಗೆರೆಯನ್ನು ಹೊಸ್ತಿಲು ದಾಟಿಸಿ ನಡುಮನೆಯವರೆಗೂ ಒಯ್ದರು. ಎಡಗಡೆ ಮನೆಯದು, ಬಲಗಡೆ ಕಂಪನಿಯದು. ದಬ್ಬಣ, ಚಾಕು, ಸುತ್ತಿಗೆ ಬಲಕ್ಕೆ ಹೋದವು. ಚಹಾದ ಪಾತ್ರೆ ಎಡಕ್ಕೆ ಉಳಿಯಿತು. ಗಡಿಯಾರ ಬಲಗಡೆಯ ಗೋಡೆಯಲ್ಲಿದ್ದದ್ದರಿಂದ ಕಂಪನಿಗೆ ಸೇರಿತು. ಫ್ಯಾನು ಕಂಪನಿಯ ತಲೆಯ ಮೇಲಿತ್ತು, ಆದರೆ ಗಾಳಿ ಗೆರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಎರಡೂ ಕಡೆ ಬೀಸುತ್ತಿತ್ತು. ಇದು ಸರಿಯೇ ಎಂದು ಭಾವ ನನ್ನನ್ನು ಗಂಭೀರವಾಗಿ ಕೇಳಿದರು. ಗಾಳಿಯನ್ನು ಕಂಪನಿ ಕೈಗಡವಾಗಿ ಕೊಟ್ಟಿದೆ ಎಂದುಕೊಂಡರಾಯಿತು ಎಂದೆ. ಅವರಿಗೆ ಸಮಾಧಾನವಾಯಿತು.

ಆಮೇಲೆ ಕಂಪನಿಗೆ ಒಂದು ಕುರ್ಚಿ ಬೇಕಾಯಿತು. ಐದು ವರ್ಷದ ಹಿಂದೆ ಯಾರೋ ರಿಪೇರಿಗೆ ಕೊಟ್ಟು ಮರಳಿ ಬಾರದಿದ್ದ, ಎತ್ತರದ ಬೆನ್ನಿನ, ಅಗಲ ಕೈಗಳ ಒಂದು ಕುರ್ಚಿ ಮೂಲೆಯಲ್ಲಿತ್ತು. ಭಾವ ಅದಕ್ಕೆ ಎಣ್ಣೆ ಒರೆಸಿ, ಬಲಗಡೆಯ ಗೋಡೆಗೆ ಬೆನ್ನುಮಾಡಿ, ಬಾಗಿಲಿಗೆ ಮುಖಮಾಡಿ ಇಟ್ಟರು. ಅದರಲ್ಲಿ ಯಾರೂ ಕೂರುವಂತಿಲ್ಲ. ಎದುರಿಗೆ ಹಾದುಹೋಗುವಾಗ ಭಾವ ದನಿ ತಗ್ಗಿಸುತ್ತಿದ್ದರು. ಕೆಲಸದ ನಡುವೆ ರೇಡಿಯೋ ಹಾಕಬೇಕಾದಾಗ, "ಹಾಕಲಾ?" ಎಂದು ಆ ಕಡೆ ಕೇಳಿ, ತಾವೇ ಸ್ವಲ್ಪ ದಪ್ಪ ದನಿಯಲ್ಲಿ "ಹಾಕಿ" ಎಂದುಕೊಳ್ಳುವುದು ಗೋಡೆಯಾಚೆ ನನಗೆ ಕೇಳಿಸುತ್ತಿತ್ತು. ಒಮ್ಮೆ "ಬೇಡ" ಎಂಬ ಉತ್ತರ ಬಂತು. ಆ ದಿನ ರೇಡಿಯೋ ಇಲ್ಲ.

ಅತ್ತೆಗೆ ಕಣ್ಣು ಮಂಜು, ಕಿವಿ ಚುರುಕು. ನಡುಮನೆಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡು ವಿಚಾರಣೆ ಶುರುಮಾಡಿದರು.

"ಯಾರೋ ಅದು ಬಂದಿರೋದು? ಗಂಡೋ ಹೆಣ್ಣೋ?"

"ಎರಡೂ ಅಲ್ಲಮ್ಮ."

"ನೆಂಟರಾ?"

"ನಮ್ಮವರೇ. ಆದ್ರೆ ನಮ್ಮವರಲ್ಲ. ಇಲ್ಲೇ ಇರ್ತಾರೆ. ಆದ್ರೆ ಎಲ್ಲೂ ಇರಲ್ಲ."

ಅತ್ತೆ ತಲೆಯಾಡಿಸಿ, "ನಿಮ್ಮಪ್ಪನೂ ಜ್ವರ ಬಂದಾಗ ಹೀಗೇ ಮಾತಾಡ್ತಿದ್ರು" ಎಂದರು.

ಅಕ್ಕನ ಪ್ರತಿಭಟನೆ ಪೊರಕೆಯ ಮೂಲಕ ನಡೆಯಿತು. ಅವಳು ಬೆಳಿಗ್ಗೆ ಗುಡಿಸುತ್ತ ಬಂದು ಗೆರೆಯ ಹತ್ತಿರ ಗಕ್ಕನೆ ನಿಲ್ಲುತ್ತಿದ್ದಳು. "ಆ ಕಡೆ ಕಂಪನಿಯವರೇ ಗುಡಿಸ್ಕೊಳ್ಳಲಿ. ಪೊರಕೆ ಮನೇದು." ಎರಡು ದಿನಕ್ಕೆ ಬಲಗಡೆ ಬೆತ್ತದ ಸಿಪ್ಪೆ ಪಾದ ಮುಳುಗುವಷ್ಟಾಯಿತು. ಎಡಗಡೆ ನೆಲ ಕನ್ನಡಿಯಂತಿತ್ತು.

"ಇದೆಲ್ಲಾ ಯಾಕ್ರೀ? ಇಪ್ಪತ್ತೆರಡು ವರ್ಷ ಇಲ್ಲದ್ದು ಈಗ್ಯಾಕೆ?" ಎಂದು ಅವಳು ಒಮ್ಮೆ ಕೇಳಿದ್ದು ನನಗೆ ಕೇಳಿಸಿತು. ಭಾವ ಸುತ್ತಿಗೆ ಕೆಳಗಿಟ್ಟ ಸದ್ದು ಬಂತು.

"ಎಂಬತ್ತು ಕುರ್ಚಿ ಕಣೇ. ಒಂದು ಮುರಿದು ಯಾರಿಗಾದ್ರೂ ಏನಾದ್ರೂ ಆಗಿ, ಈ ಮನೆ ಹೋದ್ರೆ ಅಮ್ಮ ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತಾಳೆ? ಅವಳಿಗೆ ಕಣ್ಣು ಕಾಣಲ್ಲ. ಈ ಮನೇಲಿ ಗೋಡೆ ಹಿಡ್ಕೊಂಡು ಓಡಾಡ್ತಾಳೆ. ಬೇರೆ ಮನೇಲಿ ಗೋಡೆ ಎಲ್ಲಿದೆ ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?"

ನಾನು ಅಲ್ಲಿಯವರೆಗೆ ಗೋಡೆಯ ಈ ಕಡೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದವನು, ಕೈ ತೆಗೆದೆ.

ಎದುರಿನ ಟೈಲರನಿಗೆ ಈ ಮಾತು ಕೇಳಿಸಿರಲಿಲ್ಲ. ಅವನಿಗೆ ಕಂಡದ್ದು ಗೆರೆ ಮಾತ್ರ. ಬಾಗಿಲಿನಿಂದ ಒಳಮನೆಯ ತನಕ ಹೋಗಿದ್ದ ಗೆರೆ, ಒಂದು ಕಡೆ ಗುಡಿಸಿದ ನೆಲ, ಇನ್ನೊಂದು ಕಡೆ ಗುಡಿಸದ ನೆಲ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಅವನು ರಸ್ತೆ ದಾಟಿ ಬಂದ.

"ಏನಣ್ಣಾ, ಪಾಲಾಗ್ತಿದ್ದೀರಾ?"

"ಹೂಂನಪ್ಪ. ಇರೋದು ಒಂದೇ ಮನೇಲಿ ಆದ್ರೂ ಎಲ್ಲಾ ಬೇರೆ ಬೇರೆ ಇರಬೇಕಂತೆ" ಎಂದರು ಭಾವ.

"ಯಾಕಣ್ಣಾ? ಏನಾಯ್ತು?"

"ಇನ್ನೊಬ್ಬರು ಬರ್ತಿದ್ದಾರೆ. ಶುಕ್ರವಾರ ಸಹಿ."

ಟೈಲರ್ ಒಂದು ಸೂಜಿಯನ್ನು ನುಂಗುವುದರಲ್ಲಿದ್ದ. "ಮನೆಯವರಿಗೆ ಗೊತ್ತಾ?"

"ಗೊತ್ತು. ಮೊದಲು ಬೇಜಾರು ಮಾಡ್ಕೊಂಡ್ಳು. ಈಗ ಸ್ವಲ್ಪ ಒಗ್ಗಿದ್ದಾಳೆ."

"ಬರೋರಿಗೆ ವಯಸ್ಸೆಷ್ಟು?"

ಭಾವನ ಮುಖ ಅರಳಿತು. ಆ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದೇ ಅವರು ಕಾಯುತ್ತಿದ್ದರು. "ಅವರಿಗೆ ವಯಸ್ಸೇ ಆಗಲ್ಲಪ್ಪ! ಊಟ ಕೇಳಲ್ಲ, ಬಟ್ಟೆ ಕೇಳಲ್ಲ. ಹೊರಗಿನೋರು ನನ್ನನ್ನ ಬೈದ್ರೆ ಮುಂದೆ ನಿಂತು ಬೈಸ್ಕೊಳ್ತಾರೆ. ಎಂಥಾ ಮನಸ್ಸು ನೋಡು!"

ಬಟ್ಟೆ ಕೇಳುವುದಿಲ್ಲ ಎಂಬ ಮಾತು ಟೈಲರನ ತಲೆಯಲ್ಲಿ ಏನೇನು ಚಿತ್ರ ಬಿಡಿಸಿತೋ ತಿಳಿಯದು. ಅವನು ಅಂಗಡಿಗೆ ವಾಪಸಾಗಿ ಅಂದು ಒಂದು ಅಂಗಿಗೆ ಮೂರು ತೋಳು ಹೊಲಿದ.

ಸಂಜೆಯೊಳಗೆ ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅಕ್ಕನ ಹತ್ತಿರ ಬಂದುಹೋದರು. ಒಬ್ಬಾಕೆ ಕಣ್ಣೊರೆಸಿಕೊಂಡು, "ಹೇಗಮ್ಮಾ ಸಹಿಸ್ತಿದ್ದೀಯ?" ಎಂದಳು. ಅಕ್ಕ ಗುಡಿಸುವ ವಿಷಯವೆಂದುಕೊಂಡು, "ಏನ್ಮಾಡೋದು, ಇಷ್ಟು ವರ್ಷ ಎಲ್ಲಾ ನಾನೇ ಮಾಡ್ಲಿಲ್ವಾ? ಇನ್ಮೇಲೆ ಅವರ ಕಡೇದು ಅವರೇ ನೋಡ್ಕೊಳ್ಳಲಿ ಅಂತ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದೀನಿ" ಎಂದಳು. ಎಂಥ ಗಟ್ಟಿಗಿತ್ತಿ ಎಂದು ಬೀದಿ ಬೆರಗಾಯಿತು. ನನಗೆ ಸಂಗತಿ ತಿಳಿದಿತ್ತು, ಬಾಯಿಬಿಟ್ಟು ಹೇಳಬಹುದಿತ್ತು. ಆದರೆ ಆ ಎರಡು ದಿನ ಬೀದಿಯವರೆಲ್ಲ ಮಾತಾಡಲೆಂದೇ ಬೇಡದ ಕಾಗದ ತಂದು ಜೆರಾಕ್ಸ್ ಮಾಡಿಸುತ್ತಿದ್ದರು. ವ್ಯಾಪಾರದ ಸಮಯದಲ್ಲಿ ನಾನು ಹೆಚ್ಚು ಮಾತಾಡುವವನಲ್ಲ.

ಟೈಲರನ ಹೆಂಡತಿಯ ತಂಗಿಯ ಮನೆ ಇದ್ದದ್ದು ಪಕ್ಕದ ಊರಿನಲ್ಲಿ, ಭಾವನ ಚಿಕ್ಕಪ್ಪನ ಬೀದಿಯಲ್ಲಿ. ಆದ್ದರಿಂದ ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಚಿಕ್ಕಪ್ಪ ಬಂದಿಳಿದರು. ಕೈಯಲ್ಲಿ ಕೊಡೆ, ಮುಖದಲ್ಲಿ ಮನೆತನದ ಮರ್ಯಾದೆ. ಅಂಗಡಿಯ ಬಾಗಿಲಲ್ಲಿ ನಿಂತು ಕೊಡೆಯ ತುದಿಯಿಂದ ಗೆರೆಯನ್ನು ಮುಟ್ಟಿ ನೋಡಿದರು.

"ಎಲ್ಲಿ ಅವಳು?"

ಹೊತ್ತಿಗೆ ಸರಿಯಾಗಿ ಅವರ ಹಿಂದೆ ಮ್ಯಾನೇಜರಮ್ಮ ಬಂದು ನಿಂತರು. ಚಿಕ್ಕಪ್ಪ ತಿರುಗಿ ನೋಡಿದರು. ಕನ್ನಡಕ, ಸರ, ಫೈಲು. ಅವರು ಏನನ್ನು ನಿರೀಕ್ಷಿಸಿದ್ದರೋ ಗೊತ್ತಿಲ್ಲ, ಇದನ್ನಂತೂ ಅಲ್ಲ.

"ನೀವೇನಾ?" ಎಂದರು.

"ನಾನೇ. ಶುಕ್ರವಾರ ಬರ್ತೀನಿ ಅಂದಿದ್ದೆ" ಎಂದರು ಮ್ಯಾನೇಜರಮ್ಮ.

"ನಾಚಿಕೆ ಬೇಡ್ವಾ? ಒಂದು ಸಂಸಾರ ಇರೋ ಮನೆಗೆ ಹೀಗೆ..."

"ನಾಚಿಕೆ ಯಾಕೆ? ಸದ್ಯ ಎರಡು ನೋಡ್ತೀನಿ. ಒಪ್ಪಿಗೆ ಆದ್ರೆ ಇನ್ನೂ ಎಂಬತ್ತು ಕಳಿಸ್ತೀನಿ."

"ಎಂಬತ್ತಾ!" ಎಂದರು ಚಿಕ್ಕಪ್ಪ. ಕಣ್ಣಿಗೆ ಬಿದ್ದ ಮೊದಲ ಕುರ್ಚಿಯ ಕಡೆ ಕೈಚಾಚಿ ಕೂರಲು ಹೋದರು. ಅದು ಕಂಪನಿಯ ಕುರ್ಚಿ.

"ಅದರಲ್ಲಿ ಬೇಡ!" ಎಂದು ಭಾವ, ಅಕ್ಕ, ನಾನು, ಎದುರಿನಿಂದ ಟೈಲರ್, ಒಳಗಿನಿಂದ ಅತ್ತೆ, ಎಲ್ಲರೂ ಒಟ್ಟಿಗೆ ಕೂಗಿದೆವು. ಅಭ್ಯಾಸ ಎಂಬುದು ಅಂಥದ್ದು. ಚಿಕ್ಕಪ್ಪ ಅರ್ಧ ಬಗ್ಗಿದ ಭಂಗಿಯಲ್ಲೇ ಕೊಡೆಯನ್ನು ಊರಿ ನಿಂತುಬಿಟ್ಟರು. ಯಾರೂ ಅವರಿಗೆ ನೆಟ್ಟಗೆ ನಿಲ್ಲಿ ಎಂದು ಹೇಳದಿದ್ದದ್ದರಿಂದ ಮುಂದಿನದನ್ನೆಲ್ಲ ಅವರು ಹಾಗೆಯೇ ನೋಡಿದರು.

ಅಷ್ಟರಲ್ಲಿ ಆಡಿಟರೂ ಕಾಗದಗಳೊಂದಿಗೆ ಬಂದಿದ್ದರು. ಸ್ಟೂಲು ಕೊಟ್ಟರೆ ಈಗಲೂ ಬೇಡವೆಂದರು. ಮಂಗಳವಾರದಿಂದ ಅವರು ಸ್ವಂತ ಆಫೀಸಿನಲ್ಲೂ ನಿಂತೇ ಕೆಲಸ ಮಾಡುತ್ತಿದ್ದಾರೆಂದು ಆಮೇಲೆ ತಿಳಿಯಿತು.

ಭಾವ ಎರಡು ಕುರ್ಚಿಗಳನ್ನು ಬೆಳಕಿಗೆ ತಂದಿಟ್ಟರು. ಹೆಣಿಗೆ ಜೇನುಗೂಡಿನಂತೆ ಒಂದೇ ಸಮನಾಗಿತ್ತು. ಮ್ಯಾನೇಜರಮ್ಮ ಬೆರಳಿಂದ ಒತ್ತಿ ನೋಡಿದರು, ಬಗ್ಗಿ ಅಡಿಯನ್ನು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು, ಫೈಲನ್ನು ಎದೆಗೊತ್ತಿ ಹಿಡಿದು ಕಾಯುತ್ತ ನಿಂತರು.

ಭಾವನೂ ನಿಂತರು.

"ಕೂರಲ್ವಾ?" ಎಂದರು ಮ್ಯಾನೇಜರಮ್ಮ. "ನಮ್ಮ ಗೇಟ್ ಕಾಯೋರು ಹೇಳಿದ್ರು, ಇಲ್ಲೊಬ್ಬರು ತಾವೇ ಕೂತು, ಒಂದು ಲೋಟ ಚಹಾ ಕುಡಿದು, ಆಮೇಲೆ ಕುರ್ಚಿ ಕೊಡ್ತಾರೆ ಅಂತ. ಅದಕ್ಕೇ ಇಷ್ಟು ದೂರ ಬಂದೆ."

ಭಾವ ಆಡಿಟರ ಮುಖ ನೋಡಿದರು. ಆಡಿಟರು ತೋರುಬೆರಳನ್ನು ಅತ್ತಿತ್ತ ಆಡಿಸಿದರು.

"ಇನ್ಮೇಲೆ ನಾನು ಕೂರೋ ಹಾಗಿಲ್ಲ ಮೇಡಂ. ಭರವಸೆ ಏನಿದ್ರೂ ಕಂಪನೀದು. ನಾನು ಬೇರೆ, ಅವರು ಬೇರೆ."

"ಓಹೋ" ಎಂದು ಮ್ಯಾನೇಜರಮ್ಮ ಕನ್ನಡಕ ಸರಿಮಾಡಿಕೊಂಡರು. ಅವರ ಮುಖದಲ್ಲಿ ಕೋಪವಿರಲಿಲ್ಲ, ತಮಾಷೆಯೂ ಇರಲಿಲ್ಲ. "ಆಗಲಿ. ಹಾಗಾದ್ರೆ ಕಂಪನೀನ ಕೂರಿಸಿ. ನೋಡ್ತೀನಿ."

ಕಂಪನಿಯ ಫ್ಯಾನು ತಿರುಗುತ್ತಿತ್ತು, ಕಂಪನಿಯ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ನಾವೆಲ್ಲರೂ ಆ ಖಾಲಿ ಕುರ್ಚಿಯನ್ನೇ ನೋಡಿದೆವು. ನಿಜ ಹೇಳುತ್ತೇನೆ, ಏನಾದರೂ ಆಗಬಹುದೆಂದು ನನಗೆ ಒಂದು ಕ್ಷಣ ಅನ್ನಿಸಿತು. ಹುಟ್ಟಿಲ್ಲದ, ಸಾವಿಲ್ಲದ ಆ ಮಹಾನುಭಾವರು ಗಾಳಿಯಿಂದ ಇಳಿದು ಬಂದು ಧೊಪ್ಪೆಂದು ಕೂತಾರು, ಬೆತ್ತ ಬಗ್ಗೀತು ಎಂದು ಕಣ್ಣು ಮಿಟುಕಿಸದೆ ಕಾದೆ. ಬೆತ್ತ ಬಗ್ಗಲಿಲ್ಲ. ಕುರ್ಚಿಯೊಳಗೆ ಸಿಕ್ಕಿಕೊಂಡಾಗಲೂ ನಿಲ್ಲದಿದ್ದ ಆಡಿಟರ ಮಾತು ಆಗ ನಿಂತಿತು.

"ಕೂರ್ಸೋ, ನಾನೂ ಕೇಳಿಸ್ಕೊಳ್ತೀನಿ" ಎಂದರು ಅತ್ತೆ, ಗೋಡೆ ಹಿಡಿದುಕೊಂಡು ನಡುಮನೆಯ ಬಾಗಿಲಿಗೆ ಬಂದು.

ಗಿರಾಕಿ ಬಂದಾಗ ಚಹಾ ತರುವುದು ಅಕ್ಕನ ಕೈಗೆ ಅಂಟಿದ ಅಭ್ಯಾಸ. ಅವಳು ಲೋಟ ಹಿಡಿದು ಒಳಗಿನಿಂದ ಬಂದವಳು, ಗೆರೆಯ ಹತ್ತಿರ ಬಂದು ನಿಂತಳು. ಯಾರ ಕೈಗೆ ಕೊಡಬೇಕೆಂದು ತಿಳಿಯಲಿಲ್ಲ. ಚಹಾದ ಹಬೆ ಮಾತ್ರ ಗೆರೆ ದಾಟಿ ಆ ಕಡೆ ಹೋಯಿತು.

ಭಾವ ಲೋಟ ನೋಡಿದರು. ತಾವು ನಾಲ್ಕು ದಿನ ಕೂತು ಹೆಣೆದ ಕುರ್ಚಿಯನ್ನು ನೋಡಿದರು. ಆಮೇಲೆ ಅತ್ತೆ ಹಿಡಿದುಕೊಂಡಿದ್ದ ಗೋಡೆಯನ್ನು ನೋಡಿದರು. ಆ ಗೋಡೆಯಲ್ಲಿ ಆಕೆಯ ಅಂಗೈ ಸವರಿ ಸವರಿ ಒಂದು ಸಾಲು ಉದ್ದಕ್ಕೂ ನುಣುಪಾಗಿ ಹೊಳೆಯುತ್ತದೆ. ಭಾವನಿಗೆ ಆ ಕ್ಷಣ ಏನಾಗುತ್ತಿತ್ತು ಎಂಬುದು ನನಗೆ ಗೊತ್ತಿತ್ತು.

"ಅಮ್ಮಾ, ಬೇಜಾರು ಮಾಡ್ಕೋಬೇಡ" ಎಂದರು. ಸೀಮೆಸುಣ್ಣದ ಗೆರೆ ತುಳಿದುಕೊಂಡು ಹೋಗಿ ಅಕ್ಕನ ಕೈಯಿಂದ ಲೋಟ ತೆಗೆದುಕೊಂಡು, ಕುರ್ಚಿಯಲ್ಲಿ ಧೊಪ್ಪೆಂದು ಕೂತರು.

ಹೊಸ ಬೆತ್ತ ಒಮ್ಮೆ ಕಿರ್ ಎಂದು ಸುಮ್ಮನಾಯಿತು. ಭಾವ ಚಹಾ ಕುಡಿದರು. ಅವಸರಪಡಲಿಲ್ಲ. ಎರಡನೆಯ ಕುರ್ಚಿಗೆ ಅಕ್ಕ ಇನ್ನೊಂದು ಲೋಟ ತಂದಳು, ಅದನ್ನೂ ಕುಡಿದರು. ಲೋಟ ಕೆಳಗಿಟ್ಟು, ಬಾಯಿ ಒರೆಸಿಕೊಂಡು, "ತಗೊಂಡ್ಹೋಗಿ ಮೇಡಂ. ಏನಾದ್ರೂ ಆದ್ರೆ ನಾನಿದ್ದೀನಿ" ಎಂದರು.

ಮ್ಯಾನೇಜರಮ್ಮ ಫೈಲು ಬಿಚ್ಚಿ ಅಲ್ಲೇ ಸಹಿ ಹಾಕಿದರು. "ಸೋಮವಾರದಿಂದ ಗಾಡಿ ಬರುತ್ತೆ" ಎಂದು ಹೇಳಿ ಒಂದು ನಗುವನ್ನೂ ಖರ್ಚು ಮಾಡಿದರು.

ಅವರು ಹೋದದ್ದೇ ತಡ, ಆಡಿಟರು ಹಣೆ ಚಚ್ಚಿಕೊಂಡರು. "ಹೋಯ್ತು! ಸ್ವಂತ ಬಾಯಲ್ಲಿ ಹೇಳಿಬಿಟ್ರಲ್ಲ! ಸಾಕ್ಷಿಗಳ ಮುಂದೆ! ಮನೆ ಹೋಯ್ತು!"

"ಯಾರ ಮನೆ?" ಎಂದರು ಅತ್ತೆ.

"ನಿಮ್ಮ ಮಗನ ಮನೆ ಅಮ್ಮ."

"ಅವನಿಗೆಲ್ಲಿದೆ ಮನೆ? ಇದು ನನ್ನ ಮನೆ. ನಮ್ಮಪ್ಪ ನನ್ನ ಹೆಸರಿಗೆ ಬರೆದಿದ್ದು. ಅಂಗಡಿ ಇಟ್ಕೋ ಅಂತ ಮುಂದಿನ ಕೋಣೆ ಬಿಟ್ಟುಕೊಟ್ಟಿದ್ದೀನಿ ಅಷ್ಟೇ. 'ನಾನಿದ್ದೀನಿ' ಅಂತ ಅವನು ಯಾರಿಗೆ ಬೇಕಾದ್ರೂ ಹೇಳ್ಕೊಳ್ಳಲಿ. ನಾನು ಯಾರಿಗೂ ಏನೂ ಹೇಳಿಲ್ಲ."

ಎಲ್ಲರೂ ಆಕೆಯತ್ತ ತಿರುಗಿದೆವು.

"ಅಮ್ಮಾ, ಇದನ್ನ ಮೊದಲೇ ಹೇಳಬಾರದಿತ್ತಾ?"

"ನೀನು ಕೇಳಿದ್ಯಾ? ಬಂದಿರೋರು ಗಂಡೋ ಹೆಣ್ಣೋ ಅಂತ ನಾನು ಕೇಳಿದಾಗ ನೀನು ಹೇಳಿದ್ಯಾ?"

ಆಡಿಟರು ಪತ್ರ ನೋಡಬೇಕೆಂದರು. ಅತ್ತೆ ಟ್ರಂಕಿನಿಂದ ತೆಗೆಸಿಕೊಟ್ಟರು. ಮೂಲಪತ್ರದ ಜೊತೆಗೆ ಎರಡು ಜೆರಾಕ್ಸ್ ಪ್ರತಿಗಳಿದ್ದವು, ಎರಡರ ಅಂಚಿನಲ್ಲೂ ನನ್ನ ಮೆಷಿನಿನ ಗಾಜಿನ ಬಿರುಕಿನ ಗುರುತು. ಎರಡು ವರ್ಷದ ಹಿಂದೆ ಅತ್ತೆ ಕಳಿಸಿದ್ದನ್ನು ನಾನೇ ಕಾಪಿ ಮಾಡಿ ಕೊಟ್ಟಿದ್ದೆ. ಮೊದಲ ಸಾಲಿನಲ್ಲೇ ಆಕೆಯ ಹೆಸರಿತ್ತು. ಅಕ್ಕ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವಿವರಿಸುವುದಿಲ್ಲ. ಆ ದಿನ ಕಂಪನಿಯ ಕಡೆಯ ಸಿಪ್ಪೆಯನ್ನೆಲ್ಲ ಗುಡಿಸಿದವನು ನಾನು.

"ಹಾಗಾದ್ರೆ ಆ ಎಂಬತ್ತು ಜನ ಹೆಂಗಸರು?" ಎಂದು ಚಿಕ್ಕಪ್ಪ ಬಗ್ಗಿದಲ್ಲಿಂದಲೇ ಕೇಳಿದರು. ಅವರಿಗೆ ಎಲ್ಲವನ್ನೂ ತಿಳಿಸಿ ನೆಟ್ಟಗೆ ನಿಲ್ಲಿಸುವಷ್ಟರಲ್ಲಿ ಮಧ್ಯಾಹ್ನವಾಯಿತು.

ಎಂಬತ್ತು ಕುರ್ಚಿ ಹೆಣೆಯಲು ಭಾವನಿಗೆ ನಾಲ್ಕು ತಿಂಗಳು ಹಿಡಿಯಿತು. ಒಪ್ಪಿಸುವ ದಿನ ಬೆಳಿಗ್ಗೆ ಅಷ್ಟೂ ಕುರ್ಚಿಗಳನ್ನು ಬೀದಿಗೆ ತಂದು ಸಾಲಾಗಿ ಇಟ್ಟೆವು. ಪದ್ಧತಿ ಬಿಡಲು ಭಾವ ಒಪ್ಪಲಿಲ್ಲ. ಒಂಬತ್ತನೆಯ ಕುರ್ಚಿ, ಒಂಬತ್ತನೆಯ ಲೋಟಕ್ಕೆ ಅವರ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಆಗ ಅಕ್ಕ ಹತ್ತನೆಯದರಲ್ಲಿ ತಾನೇ ಕೂತಳು. ಅತ್ತೆಯನ್ನು ಕೈಹಿಡಿದು ತಂದು ಪಕ್ಕದಲ್ಲಿ ಕೂರಿಸಿದೆವು. ಟೈಲರ್ ಬಂದ, ಅವನ ಹೆಂಡತಿ ಬಂದಳು, ಚಿಕ್ಕಪ್ಪ ಬಸ್ಸಿಳಿದು ಬಂದರು, ಅಕ್ಕನಿಗಾಗಿ ಕಣ್ಣೊರೆಸಿಕೊಂಡಿದ್ದ ಹೆಂಗಸರೆಲ್ಲ ಅವರವರ ಮನೆಯಿಂದ ಲೋಟ ತಂದರು. ನಾನು ಅಂಗಡಿಗೆ ಬೀಗ ಹಾಕಿ ಬಂದೆ. ಹಗಲು ಹನ್ನೊಂದು ಗಂಟೆಗೆ ನಮ್ಮ ಇಡೀ ಬೀದಿ ಎರಡು ಸಾಲಿನಲ್ಲಿ ಎದುರುಬದುರಾಗಿ ಕೂತು ಚಹಾ ಕುಡಿಯಿತು. ಅಂಥ ದೃಶ್ಯವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಯಾವ ಕುರ್ಚಿಯೂ ಮುಲುಗಲಿಲ್ಲ.

ಎಣಿಸಿದರೆ ಇನ್ನೂ ಯಾರೂ ಕೂತು ನೋಡದ ಕುರ್ಚಿ ಒಂದೇ ಉಳಿದಿತ್ತು. ಬೀದಿಯ ತುದಿಯಲ್ಲಿ ಆಡಿಟರು ಫೈಲು ಹಿಡಿದು ನಿಂತಿದ್ದರು.

"ಬನ್ನಿ ಸಾರ್" ಎಂದರು ಭಾವ.

ಆಡಿಟರು ಬಂದರು. ಪೇಪರು ಹಾಸಿದೆಯೇ ಎಂದು ಮೊದಲು ನೋಡಿದರು, ಬಗ್ಗಿ ಅಡಿಯಿಂದಲೂ ನೋಡಿದರು. ಬೀದಿ ಉಸಿರು ಹಿಡಿಯಿತು. ಅವರು ಕಣ್ಣು ಮುಚ್ಚಿಕೊಂಡು, ನಾಲ್ಕು ತಿಂಗಳ ಮೇಲೆ, ಕೂತರು. ಕುರ್ಚಿ ಅವರನ್ನು ಹಿಡಿದುಕೊಂಡಿತು. ಅಕ್ಕ ಲೋಟ ಕೊಟ್ಟಳು. ಅರ್ಧ ಲೋಟವಾದ ಮೇಲೆ ಅವರು ನಿಧಾನವಾಗಿ ಹಿಂದಕ್ಕೆ ಒರಗಿಕೊಂಡರು.

"ಕಂಪನಿ ಮಾಡೋದು ಒಳ್ಳೇದು ಅನ್ನೋ ನನ್ನ ಅಭಿಪ್ರಾಯ ಬದಲಾಗಿಲ್ಲ" ಎಂದರು. "ಆ ಮಾತು ಹೇಳೋಕೆ ಅಂತಲೇ ಬಂದೆ. ಈಗ ಏಳೋಕೆ ಮನಸ್ಸಾಗ್ತಿಲ್ಲ."

ಆ ಕಾಗದಗಳು ಇವತ್ತಿಗೂ ಸಹಿಯಿಲ್ಲದೆ ಅಂಗಡಿಯ ಕಪಾಟಿನಲ್ಲಿವೆ. ಮುಂದಿನ ವರ್ಷ ನೋಡೋಣ ಎನ್ನುತ್ತಾರೆ ಭಾವ. ಗೆರೆ ಅಳಿಸಿಹೋಗಿದೆ. ಆದರೆ ಎತ್ತರದ ಬೆನ್ನಿನ ಆ ಕುರ್ಚಿಯನ್ನು ಅವರು ಬಲಗಡೆಯ ಗೋಡೆಯಿಂದ ತೆಗೆದಿಲ್ಲ, ಅದರಲ್ಲಿ ಯಾರನ್ನೂ ಕೂರಲು ಬಿಡುವುದೂ ಇಲ್ಲ. ದಿನಾ ಬೆಳಿಗ್ಗೆ ಅದರ ಧೂಳು ಒರೆಸುತ್ತಾರೆ. ಅದು ಯಾರದು ಎಂದು ಹೊಸ ಗಿರಾಕಿಗಳು ಕೇಳಿದರೆ, ದನಿ ತಗ್ಗಿಸಿ ಹೇಳುತ್ತಾರೆ.

"ತುಂಬಾ ದೊಡ್ಡವರದು. ಹಸಿವಿಲ್ಲ, ವಯಸ್ಸಿಲ್ಲ, ಸಾವಿಲ್ಲ ಅವರಿಗೆ. ಕೂರೋಕೆ ಬರಲ್ಲ ಅಷ್ಟೇ, ಪಾಪ."